ಬೆಳಕು ಬೀಳದ ಹಾಗೆ

ಕಲ್ಲುಹಟ್ಟಿ, ಮಾಗಡಿ ತಾಲ್ಲೂಕು
9 ಅಕ್ಟೋಬರ್ 2023

ಮಗಳು ರಮ್ಯಳಿಗೆ,

ಅವ್ವ ಕಾಗದ ಬರೆದಳೆಂದು ಗಾಬರಿ ಬೀಳಬೇಡ. ಫೋನಿನಲ್ಲಿ ನಾನು ಆಡುವ ಮಾತು ಈಗ ಯಾರಿಗೂ ತಿಳಿಯುವುದಿಲ್ಲ, ಅದಕ್ಕೆ ಈ ಕಾಗದ. ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿತ್ತಲ್ಲ, ಅದು ವಾಸಿಯಾಗಲಿಲ್ಲ. ನಿನ್ನ ತಮ್ಮ ಬೈರೇಶ ಎದುರಿಗೆ ಕೂತು "ಏನವ್ವಾ, ಏನಂದೆ?" ಅಂತ ಕೇಳಿ ಕೇಳಿ ಸಾಕಾಗಿ, ಕೊನೆಗೆ ತನ್ನ ಮಗಳ ಹಳೆಯ ನೋಟ್‌ಬುಕ್ಕಿನ ಹಾಳೆ ಕಿತ್ತು ಕೈಗೆ ಕೊಟ್ಟ. ನಾನು ಏಳನೇ ಕ್ಲಾಸು ಓದಿದ್ದು ಕಡೆಗೂ ಕೆಲಸಕ್ಕೆ ಬಂತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಗೊತ್ತಿರಲಿಲ್ಲ ಎಂದು ನಾಲಿಗೆಯೇ ಸಾಕ್ಷಿ ಹೇಳುತ್ತಿದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಬೇಡ ಅಂತ ನೀನು ಬಂದಾಗಲೆಲ್ಲ ಬೈಯುತ್ತಿದ್ದೆ. ಈಗ ಬೈಯಬೇಡ, ಬಿಟ್ಟಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಸಿ ಚೂರು ಕತ್ತರಿಸಿ ಪರೀಕ್ಷೆ ಮಾಡಿದರು. ಅದೇ ಅಂತೆ. ಅದರ ಹೆಸರು ನಾನು ಬರೆಯುವುದಿಲ್ಲ. ಇನ್ನೂ ಮೇಲುಮೇಲೆ ಇದೆ, ಬೇರು ಬಿಟ್ಟಿಲ್ಲ ಎಂದರು. ಎರಡು ದಾರಿ ಹೇಳಿದರು. ನಾಲಿಗೆಯ ಒಂದು ಪಾಲು ಕತ್ತರಿಸಿ ತೆಗೆಯುವುದು ಒಂದು. ರಕ್ತಕ್ಕೆ ಮದ್ದು ಕೊಟ್ಟು, ಆಮೇಲೆ ಹುಣ್ಣಿನ ಮೇಲೆ ಕೆಂಪು ಬೆಳಕು ಬಿಟ್ಟು ಸುಡುವುದು ಇನ್ನೊಂದು. ಆ ಡಾಕ್ಟರಿಗೆ ನಿನ್ನ ಹೆಸರು ಗೊತ್ತಂತೆ. "ನಿಮ್ಮ ಮಗಳ ಕೆಲಸವೇ ಇದು ಅಮ್ಮ, ಅವರನ್ನೇ ಕೇಳಿ" ಎಂದರು. ನನಗೆ ಒಂದು ಗಳಿಗೆ ಜಂಬವೇ ಆಯಿತು.

ಆಮೇಲೆ ಹೇಳಿದರು, ಆ ಮದ್ದು ಮೈಯಲ್ಲಿ ಇರುವ ತನಕ ಹಗಲು ಬೆಳಕು ತಾಕಬಾರದು, ಒಂದು ತಿಂಗಳು ಕತ್ತಲೆ ಕೋಣೆಯಲ್ಲಿ ಇರಬೇಕು ಅಂತ. ಬೈರೇಶ ಕಟ್ಟಿದ ಹೊಸ ಮನೆ ನೀನು ನೋಡಿದ್ದೀಯ, ಗೋಡೆಗಿಂತ ಗಾಜೇ ಹೆಚ್ಚು. ಕತ್ತಲೆ ಎಂದರೆ ಹಳೆ ಮನೆಯ ಹಿಂದಲ ಕೋಣೆ ಒಂದೇ.

ಆ ಕೋಣೆಯಲ್ಲಿ ನಾನು ಕೂರುವುದಿಲ್ಲ. ನಾಲಿಗೆ ಕತ್ತರಿಸಲಿ. ಮಾತಾಡಿ ನಾನು ಉದ್ಧಾರ ಮಾಡಿದ್ದೂ ಅಷ್ಟರಲ್ಲೇ ಇದೆ.

ನೀನು ಕೇಳಿದ್ದ ರೇಷ್ಮೆ ಹುಳದ ಹಿಕ್ಕೆ ಒಣಗಿಸಿ ಚೀಲಕ್ಕೆ ತುಂಬಿದ್ದೇವೆ. ಹೊಲಕ್ಕೆ ಹಾಕುವ ಗೊಬ್ಬರವನ್ನು ಪಾರ್ಸಲ್ ಮಾಡುವುದು ನೋಡಿ ಬೀದಿಯವರು ಕೇಳುತ್ತಾರೆ, "ಸರಸಕ್ಕ, ನಿನ್ ಮಗಳು ಅಷ್ಟು ದೂರ ಹೋಗಿ ಹಿಕ್ಕೇಲಿ ಏನು ಹುಡುಕ್ತಾವ್ಳೆ?" ಅಂತ. ನನಗೂ ಗೊತ್ತಿಲ್ಲ ಎಂದೆ.

ನಿನ್ನ ಅವ್ವ,
ಸರಸಮ್ಮ


ತಿರುವನಂತಪುರ
17 ಅಕ್ಟೋಬರ್ 2023

ಅವ್ವ,

ನಿನ್ನ ಕಾಗದ ಓದಿ ನಿನ್ನೆ ಪೂರ್ತಿ ಲ್ಯಾಬಿಗೆ ಹೋಗಲಿಲ್ಲ. ಡಾಕ್ಟರ ಜೊತೆ ಮಾತಾಡಿದೆ. ಬೆಳಕಿನ ಚಿಕಿತ್ಸೆ ನಿನಗೆ ಆಗಿಬರುತ್ತದೆ. ಗಡ್ಡೆ ತೆಳ್ಳಗಿದೆ, ಬೆಳಕು ಅದರ ತಳ ಮುಟ್ಟುತ್ತದೆ. ಕತ್ತರಿಸಿದರೆ ಮಾತೂ ಹೋಗುತ್ತದೆ, ಮುದ್ದೆ ನುಂಗುವುದೂ ಕಷ್ಟವಾಗುತ್ತದೆ. ದಯವಿಟ್ಟು ಹಟ ಮಾಡಬೇಡ.

ನನ್ನ ಕೆಲಸ ಏನೆಂದು ನಿನಗೆ ಯಾವತ್ತೂ ಬಿಡಿಸಿ ಹೇಳಲಿಲ್ಲ. ಬೇರೆ ಕೆಮಿಸ್ಟ್ರಿಯವರು ಪದಾರ್ಥವನ್ನು ಬೆಂಕಿಯಲ್ಲಿ ಬೇಯಿಸುತ್ತಾರೆ, ನಾವು ಬೆಳಕಿನಲ್ಲಿ ಬೇಯಿಸುತ್ತೇವೆ. ಕೆಲವು ಅಣುಗಳು ಬೆಳಕನ್ನು ಕುಡಿಯುತ್ತವೆ. ಕುಡಿದದ್ದನ್ನು ಇಟ್ಟುಕೊಳ್ಳಲಾರದೆ ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತವೆ. ಆಗ ಆ ಆಮ್ಲಜನಕ ಕೆರಳಿ ಹತ್ತಿರ ಇದ್ದದ್ದನ್ನು ಸುಡುತ್ತದೆ. ಮದ್ದು ಒಂದೇ ಇದ್ದರೆ ಏನೂ ಇಲ್ಲ, ಬೆಳಕು ಒಂದೇ ಬಿದ್ದರೂ ಏನೂ ಇಲ್ಲ. ಎರಡೂ ಸೇರಿದ ಜಾಗದಲ್ಲಿ ಮಾತ್ರ ಸುಡುತ್ತದೆ. ಅದಕ್ಕೇ ನಾವು ಕೆಲಸವನ್ನೆಲ್ಲ ಮಬ್ಬಿನಲ್ಲಿ ಮಾಡುತ್ತೇವೆ. ನಮ್ಮ ಲ್ಯಾಬಿನ ಕಿಟಕಿಗಳಿಗೆ ಹಳದಿ ಹಾಳೆ ಅಂಟಿಸಿದೆ, ಬಾಟಲಿಗಳಿಗೆಲ್ಲ ಅಡುಗೆಮನೆಯ ಬೆಳ್ಳಿ ಹಾಳೆ ಸುತ್ತಿದೆ.

ಹಿಕ್ಕೆಯ ವಿಷಯ. ಹಿಪ್ಪುನೇರಳೆ ಸೊಪ್ಪಿನ ಹಸಿರು ಹುಳದ ಹೊಟ್ಟೆಯಲ್ಲಿ ಪೂರ್ತಿ ಅರಗುವುದಿಲ್ಲ. ಅದನ್ನು ಹಿಕ್ಕೆಯಿಂದ ತೆಗೆದು ಒಸಿ ತಿದ್ದಿದರೆ ಇಂಥ ಮದ್ದಾಗುತ್ತದೆ. ನಾನು ಮಾಡಿದ್ದು ಇನ್ನೂ ಇಲಿಯವರೆಗೆ ಬಂದಿದೆ, ಮನುಷ್ಯರಿಗೆ ಬರಲು ವರ್ಷಗಳು ಬೇಕು. ನಿನಗೆ ಕೊಡುವುದು ಅದರ ದಾಯಾದಿ, ಬೇರೆ ಕಡೆ ಮಾಡಿದ್ದು. ಬೀದಿಯವರಿಗೆ ಇಷ್ಟು ಹೇಳು.

ಹಿಂದಲ ಕೋಣೆ ಸಾಕು. ಕಿಟಕಿಗೆ ಕಂಬಳಿ ಜೋಡಿ ಹಾಕಿಸು. ಬಾಗಿಲ ಸಂದಿಗೆ ಬಟ್ಟೆ ತುರುಕಿಸು. ಮೊಬೈಲ್ ನೋಡಬಹುದು, ಸಣ್ಣ ದೀಪ ದೂರದಲ್ಲಿ ಇರಬಹುದು, ಹಗಲು ಬೆಳಕು ಮಾತ್ರ ಬೇಡ. ಬೇಕಾದದ್ದೆಲ್ಲ ಕಳಿಸುತ್ತೇನೆ.

ನಿನ್ನ ಮಗಳು,
ರಮ್ಯ


ಕಲ್ಲುಹಟ್ಟಿ
2 ನವೆಂಬರ್ 2023

ರಮ್ಯ,

ನಿನ್ನ ಕಾಗದದಲ್ಲಿ ಎಲ್ಲ ಇತ್ತು, ಒಂದು ಹೆಸರು ಬಿಟ್ಟು. ಕಂಬಳಿ ಜೋಡಿ ಹಾಕಿಸು ಎಂದು ಬರೆದಿದ್ದೀಯ. ಆ ಕಿಟಕಿಗೆ ಕಂಬಳಿ ಹಾಕುವುದನ್ನು ನೀನು ನನಗೆ ಹೇಳಿಕೊಡಬೇಕೇ? ಮೊಳೆ ಇನ್ನೂ ಹಾಗೇ ಇದೆ.

ನೀನು ಮರೆತಿರಬಹುದು ಅಂತ ನಾನೇ ಬರೆಯುತ್ತೇನೆ. ನಿನಗೊಬ್ಬಳು ತಂಗಿ ಇದ್ದಳು, ಜಯಿ ಅಂತ. ಹುಟ್ಟಿದಾಗಿಂದ ಅವಳ ಮೈ ಬೊಬ್ಬೆ ಏಳುತ್ತಿತ್ತು. ಮುಖ, ಕೈ, ಕಿವಿ. ಒಡೆದು ಮಾಯ್ದು ಮತ್ತೆ ಒಡೆದು, ಬೆರಳ ತುದಿಯೆಲ್ಲ ಸವೆದುಹೋಗಿತ್ತು. ಹಲ್ಲು ಕೆಂಪಗಿತ್ತು. ಊರವರು ಏನೇನೋ ಅಂದರು, ಅದನ್ನು ಬರೆಯುವುದಿಲ್ಲ.

ನಾವು ಕುರಿ ಸಾಕುವವರು. ಲಂಟಾನ ಸೊಪ್ಪು ಮೇಯ್ದ ಕುರಿಗೆ ಏನಾಗುತ್ತದೆಂದು ನಮ್ಮ ಹಟ್ಟಿಯ ಮಕ್ಕಳಿಗೂ ಗೊತ್ತು. ಮೂತಿ ಊದುತ್ತದೆ, ಕಿವಿ ಒಡೆಯುತ್ತದೆ, ಬಿಸಿಲಿಗೆ ಬಿಟ್ಟರೆ ಚರ್ಮ ಕಿತ್ತು ಬರುತ್ತದೆ. ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಬೇಕು. ನಿಮ್ಮಪ್ಪ ಹೊನ್ನಯ್ಯ ಇದ್ದಾಗ ಹಾಗೆ ಎಷ್ಟೋ ಕುರಿ ಉಳಿಸಿಕೊಂಡಿದ್ದ. ಜಯಿಗೆ ಅದೇ ಆದಾಗ ನಮಗೆ ಕುರಿ ನೆನಪಾಗಲಿಲ್ಲ. ಅವಳು ಯಾವ ಎಲೆಯನ್ನೂ ತಿಂದಿರಲಿಲ್ಲವಲ್ಲ. ಎಲ್ಲರೂ ಉಷ್ಣ ಎಂದರು, ನಾವೂ ಉಷ್ಣವೇ ಎಂದುಕೊಂಡೆವು. ಹೆಸರುಬೇಳೆ ಪಾನಕ, ಎಳನೀರು, ತಲೆಗೆ ಹರಳೆಣ್ಣೆ. ಉರಿಬಿಸಿಲಿನಲ್ಲಿ ಒಳಗಿಟ್ಟುಕೊಂಡು, ಮೋಡದ ದಿನ, ಚಳಿಯ ದಿನ "ಇವತ್ತು ತಂಪೈತೆ, ಬಾ ಮಗ" ಅಂತ ನಾನೇ ಕೈಹಿಡಿದು ಆಚೆ ಕೂರಿಸುತ್ತಿದ್ದೆ. ಉರೀತದೆ ಉರೀತದೆ ಅಂತ ಕಿರುಚುತ್ತಿದ್ದಳು. ತಣ್ಣಗಿರುವ ಹೊತ್ತಿನಲ್ಲಿ ಎಂಥ ಉರಿ ಅಂತ ಗದರುತ್ತಿದ್ದೆ.

ನೀನೇ ಹೇಳಿದ್ದು. ಹೈಸ್ಕೂಲಿಗೂ ಹೋಗಿರಲಿಲ್ಲ ಆಗ. "ಅವ್ವಾ, ಇದು ಕಾವಲ್ಲ ಕಣವ್ವ, ಬೆಳಕು. ಲಂಟಾನ ತಿಂದ ಕುರಿ ಥರ" ಅಂದೆ. ತಂಗಿಯನ್ನು ಕುರಿ ಅಂತೀಯಾ ಅಂತ ಕೆನ್ನೆಗೆ ಬಾರಿಸಿದೆ. ಮಾರನೆಯ ದಿನ ಹಿಂದಲ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಅವಳನ್ನು ಒಳಗಿಟ್ಟೆ. ಹೊಸ ಬೊಬ್ಬೆ ಏಳುವುದು ನಿಂತಿತು. ಹಳೆಯ ಗಾಯಗಳು ಮಾತ್ರ ಕೀವು ತುಂಬಿ ಅವಳನ್ನು ಬಿಡಲಿಲ್ಲ. ಕುರಿಗೆ ತೋರಿಸಿದ ಬುದ್ಧಿಯನ್ನು ಮಗುವಿಗೆ ತೋರಿಸಲಿಲ್ಲ ನಾವು.

ಅವಳು ಹೋದ ಮೇಲೆ ನೀನು ಆ ಕೋಣೆಗೆ ಕಾಲಿಟ್ಟಿಲ್ಲ. ಹಬ್ಬಕ್ಕೆ ಬಂದರೂ ಹಳೆ ಮನೆಯ ನಡುಮನೆ ದಾಟುವುದಿಲ್ಲ. ನಾನು ಗಮನಿಸಿಲ್ಲ ಅಂದುಕೊಂಡೆಯಾ? ನೀನು ಬಂದು ನನ್ನ ಜೊತೆ ಅಲ್ಲಿ ಕೂರುವುದಾದರೆ ಸೂಜಿ ಚುಚ್ಚಿಸಿಕೊಳ್ಳುತ್ತೇನೆ. ತಿಂಗಳೆಲ್ಲ ಬೇಡ, ಒಂದು ದಿನ ಸಾಕು.

ಅವ್ವ


ಕಲ್ಲುಹಟ್ಟಿ
21 ನವೆಂಬರ್ 2023

ರಮ್ಯ,

ನಿನ್ನನ್ನು ಕರೆದರೆ ನಿನ್ನ ಕೈಕೆಳಗೆ ಓದುವ ಸಾನಾಳನ್ನು ಕಳಿಸಿದೆ. ಒಳ್ಳೆಯ ಹುಡುಗಿ. ಚನ್ನಪಟ್ಟಣದಲ್ಲಿ ಅವಳಪ್ಪ ತಾಜ್ ಪಾಷಾ ಗೊಂಬೆಗೆ ಅರಗಿನ ಬಣ್ಣ ಹಾಕುವವರಂತೆ. ರಜೆಗೆ ಬಂದವಳು ಬಸ್ಸು ಬದಲಾಯಿಸಿಕೊಂಡು, ನಿನ್ನ ಕರಿ ಬಟ್ಟೆ, ಕರಿ ಕನ್ನಡಕ ಎಲ್ಲ ಹೊತ್ತುಕೊಂಡು ಇಲ್ಲಿಯವರೆಗೆ ಬಂದಳು. ಅವಳಿಗೆ ರೊಟ್ಟಿ ಕೊಟ್ಟೆ. ಸೊಂಟಕ್ಕೆ ಕೈಯಿಟ್ಟು ಕಣ್ಣಲ್ಲೇ ಕಿಟಕಿ ಅಳೆದಳು, ನಿನ್ನ ಹಾಗೆಯೇ.

ತಿನ್ನುತ್ತಾ ಹೇಳಿದಳು, "ನಮ್ ಮೇಡಂ ಹೊಸಬರು ಯಾರೇ ಬರಲಿ, ಮೊದಲನೇ ದಿನ ಒಂದು ಹುಡುಗಿ ಕಥೆ ಹೇಳ್ತಾರೆ ಅಮ್ಮ. ಬೆಳಕಿಗೆ ಬಂದ್ರೆ ಮೈ ಸುಡ್ತಿತ್ತಂತೆ ಆ ಹುಡುಗಿಗೆ. ಅವಳ ರಕ್ತದಲ್ಲಿ ಇದ್ದದ್ದೇ ಈ ಬಾಟ್ಲಿನಲ್ಲೂ ಇರೋದು, ಮರ್ಯಾದೆಯಿಂದ ಮುಟ್ಟಿ ಅಂತಾರೆ." ಆ ಹುಡುಗಿ ಮೇಡಮ್ಮಿಗೆ ಏನಾಗಬೇಕು ಎಂದು ಇವರಿಗೆ ಯಾರಿಗೂ ಗೊತ್ತಿಲ್ಲವಂತೆ. ಯಾವುದೋ ಪುಸ್ತಕದ್ದಿರಬೇಕು ಎಂದುಕೊಂಡಿದ್ದಾರೆ. ನಾನೂ ಹೇಳಲಿಲ್ಲ. ಅವಳು ಆ ಕೋಣೆಯ ಹೊಸಲ ಮೇಲೆಯೇ ಕೂತು ತಿನ್ನುತ್ತಿದ್ದಳು.

ಎಷ್ಟು ವರ್ಷದಿಂದ ಪಾಠ ಹೇಳುತ್ತಿದ್ದೀಯ ನೀನು? ಅಷ್ಟು ವರ್ಷದಿಂದ ಬಂದವರಿಗೆಲ್ಲ ಜಯಿಯ ವಿಷಯ ಹೇಳಿದ್ದೀಯ. ನನ್ನೆದುರಿಗೆ ಒಂದು ಸಲ ಅವಳ ಹೆಸರೆತ್ತಿದ್ದೀಯಾ? ನಾನು ಎತ್ತಿದರೆ ಎದ್ದು ಹೋಗಿ ಕೈಕಾಲು ತೊಳೆಯುತ್ತೀಯ. ನನ್ನ ಮಗಳನ್ನು ತಿಂದದ್ದನ್ನು ತೆಗೆದುಕೊಂಡು ಹೋಗಿ ಬಾಟಲಿಯಲ್ಲಿ ಹಾಕಿ, ಬೆಳ್ಳಿ ಹಾಳೆ ಸುತ್ತಿ ಸಾಕಿಕೊಂಡಿದ್ದೀಯ. ಅದಕ್ಕೆ ಹಿಕ್ಕೆ ಬೇರೆ ನಾನೇ ಗುಡಿಸಿ ಕಳಿಸಿದ್ದೇನೆ. ಈಗ ಅದರ ದಾಯಾದಿಯನ್ನು ನನಗೆ ಚುಚ್ಚಬೇಕು ಅನ್ನುತ್ತೀಯ.

ನಿಜ ತಾನೇ ಇದು? ಅದು ಇದು ಬೇಡ, ಹೌದು ಅಥವಾ ಇಲ್ಲ ಎಂದು ಬರೆ.

ಸರಸಮ್ಮ


ತಿರುವನಂತಪುರ
30 ನವೆಂಬರ್ 2023

ಅವ್ವ,

ಹೌದು.

ಒಂದೇ ಪದ ಬರೆದು ಕಳಿಸೋಣ ಅಂದುಕೊಂಡೆ. ನಿನಗೆ ಕೋಪ ಬರುವುದಾದರೆ ಪೂರ್ತಿ ಓದಿ ಬರಲಿ ಎಂದು ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಲೈಬ್ರರಿಯಲ್ಲಿ ಅವಳ ಕಾಯಿಲೆಯ ಹೆಸರು ಸಿಕ್ಕಿತು. ರಕ್ತದ ಕೆಂಪು ತಯಾರಾಗುವಾಗ ಒಂದು ಹಂತದಲ್ಲಿ ದಾರಿ ತಪ್ಪುತ್ತದೆ. ತಪ್ಪಿದ್ದು ಚರ್ಮದಲ್ಲಿ, ಹಲ್ಲಿನಲ್ಲಿ ಉಳಿದು ಬೆಳಕನ್ನು ಕುಡಿಯುತ್ತದೆ. ಎಲೆಯ ಹಸಿರೂ ಅದರ ಸಂಬಂಧಿಯೇ. ಲಂಟಾನ ತಿಂದ ಕುರಿಯ ಈಲಿ, ಡಾಕ್ಟರು ಲಿವರ್ ಅನ್ನುವುದು, ಕೆಟ್ಟು, ಆ ಹಸಿರು ಚರ್ಮಕ್ಕೆ ಬಂದು ಸೇರುತ್ತದೆ. ನಾನು ಅವತ್ತು ಹೇಳಿದ್ದು ಸುಮ್ಮನೆ ಬಾಯಿಗೆ ಬಂದದ್ದು, ಆದರೆ ಸರಿಯಾಗಿತ್ತು. ಸರಿಯಾಗಿತ್ತು ಎಂದು ಗೊತ್ತಾದಾಗ ಅವಳು ಇರಲಿಲ್ಲ.

ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುವಾಗ ಮೊದಲ ಸಲ ಅವಳ ರಕ್ತದಲ್ಲಿದ್ದ ಆ ಬಣ್ಣವನ್ನು ನನ್ನ ಕೈಯಾರೆ ತಯಾರಿಸಿದೆ. ಗಾಜಿನ ಬುರುಡೆಯಲ್ಲಿ ನೇರಳೆ ಬಣ್ಣದ ನೀರಿನ ಹಾಗಿತ್ತು. ಕತ್ತಲೆ ಮಾಡಿ ಅತಿನೇರಳೆ ದೀಪ ಹಿಡಿದು ನೋಡಬೇಕು, ಅದು ಪದ್ಧತಿ. ಹಿಡಿದೆ. ಅದು ಕೆಂಪಗೆ ಬೆಳಗಿತು. ಜಯಿ ನಕ್ಕಾಗ ಕಾಣುತ್ತಿದ್ದ ಕೆಂಪು. ನಾನು ದೀಪ ಆರಿಸಿ ಆಚೆಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗೈಡು ನನ್ನ ಮುಖ ನೋಡಿ ಬುರುಡೆ ಒಡೆದುಹಾಕಿದಳು ಎಂದುಕೊಂಡರು, ಹೋಗಲಿ ಬಿಡಮ್ಮ ಎಂದು ಸಮಾಧಾನ ಮಾಡಿದರು. ಅವತ್ತಿನಿಂದ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಬಣ್ಣದ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು, ಹೋಗಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಪ್ರಯೋಗ ಇದೆ ಎಂದೆ. ಪ್ರಯೋಗ ಇದ್ದೇ ಇರುತ್ತಿತ್ತು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮಾಗಡಿ ಹಾಸ್ಟೆಲಿಗೆ ಸೇರುವ ಮುಂಚೆ ಜಯಿಗೆ ಹೇಳಿದ್ದೆ, "ನಾನು ಓದಿ ನಿನಗೆ ಮದ್ದು ಮಾಡ್ಕಂಡ್ ಬತ್ತೀನಿ, ಆಮೇಲೆ ಇಬ್ರೂ ಬಿಸಿಲಲ್ಲಿ ಕುರಿ ಹೊಡ್ಕಂಡ್ ಹೋಗಣ" ಅಂತ. ಅವಳು ನಂಬಿದ್ದಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು.

ಆ ಮದ್ದು ನನ್ನಿಂದ ಆಗಲಿಲ್ಲ. ಸುಡುವುದನ್ನು ನಿಲ್ಲಿಸಲು ಎಷ್ಟೋ ವರ್ಷ ನೋಡಿದೆ. ಕೊನೆಗೆ, ಸುಡುವುದೇ ಅದರ ಗುಣವಾದರೆ ಸುಡಬೇಕಾದದ್ದನ್ನು ಸುಡಲಿ ಎಂದು ಈ ಕಡೆ ತಿರುಗಿದೆ. ಇದನ್ನು ಜನ ಸಾಧನೆ ಅನ್ನುತ್ತಾರೆ. ನಾನು ದೆವ್ವ ಭೂತ ನಂಬುವವಳಲ್ಲ, ಅವ್ವ. ಆದರೂ ಲ್ಯಾಬಿನ ದೀಪ ಆರಿಸುವಾಗ ಯಾರೋ ಮೂಲೆಯಲ್ಲಿ ಕೂತು ಮದ್ದು ತಂದೆಯಾ ಎಂದು ಕೇಳುತ್ತಾರೆ ಅನ್ನಿಸುತ್ತದೆ. ಆ ಕೋಣೆಗೆ ಬರಿಗೈಯಲ್ಲಿ ಹೇಗೆ ಬರಲಿ?

ಚಿಕಿತ್ಸೆ ತೆಗೆದುಕೋ. ನನ್ನ ಮೇಲಿನ ಸಿಟ್ಟಿಗೆ ನಾಲಿಗೆ ಕತ್ತರಿಸಿಕೊಳ್ಳಬೇಡ.

ರಮ್ಯ


ಕಲ್ಲುಹಟ್ಟಿ
1 ಫೆಬ್ರವರಿ 2024

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಕಾಗದ ತಲೆದಿಂಬಿನ ಕೆಳಗಿತ್ತು. ಸಂಕ್ರಾಂತಿ ಆದ ಮೇಲೆ ಹೋಗಿ ಚುಚ್ಚಿಸಿಕೊಂಡು ಬಂದೆ, ಬೈರೇಶ ಹೇಳಿರಬೇಕು. ಬಾಯೆಲ್ಲ ಬೆಂದ ಹಾಗಿದೆ. ಗಂಜಿ ಕುಡಿಯುತ್ತೇನೆ. ಡಾಕ್ಟರು ಚೆನ್ನಾಗಿ ಸುಟ್ಟಿದೆ ಎಂದು ಖುಷಿಪಟ್ಟರು, ಅವರ ಖುಷಿ ನನಗೆ ಅಷ್ಟು ಹಿಡಿಸಲಿಲ್ಲ.

ನೀನು ಹೇಳಿದೆ ಅಂತ ಒಪ್ಪಿದೆ ಎಂದುಕೊಳ್ಳಬೇಡ. ಬದುಕುವ ಆಸೆಗೂ ಅಲ್ಲ. ಅವಳ ರಕ್ತದಲ್ಲಿ ಇದ್ದದ್ದು ಒಂದು ತಿಂಗಳಾದರೂ ನನ್ನ ರಕ್ತದಲ್ಲಿ ಇರಲಿ ಅನ್ನಿಸಿತು. ಹೆತ್ತವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ?

ಸಣ್ಣ ದೀಪ ಮೂಲೆಯಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕತ್ತಲೆ ಅಂದರೆ ಕತ್ತಲೆ ಅಂತ ನಾವು ಹೊರಗಿನವರು ಸುಮ್ಮನೆ ಹೇಳುತ್ತೇವೆ. ಒಳಗೆ ಕೂತರೆ ಬೆಳಕಿನದ್ದೇ ಯೋಚನೆ. ಬೆಳಗಾದ ಕೂಡಲೇ ಹೆಂಚಿನ ಸಂದಿಯಲ್ಲಿ, ಚಿಲಕದ ತೂತಿನಲ್ಲಿ ಕಣ್ಣು ಬಿಡುತ್ತದೆ. ಕುರಿ ಹೊರಟ ಸದ್ದು, ಬೈರೇಶನ ಹೆಂಡತಿ ಪಾತ್ರೆ ತಿಕ್ಕುವ ಸದ್ದು, ಎಲ್ಲ ಗೋಡೆಯ ಆಚೆ. ಜಯಿ ಎರಡು ವರ್ಷ ಇದನ್ನೇ ಕೇಳಿಕೊಂಡು ಇದ್ದಳು. ನಾನು ಊಟ ಇಟ್ಟು ಹೊಲಕ್ಕೆ ಓಡುತ್ತಿದ್ದೆ.

ಮೊನ್ನೆ ಬೆಳಗ್ಗೆ, ಹಲ್ಲು ಕಟಕಟ ಅನ್ನುವ ಚಳಿ. ಕಂಬಳಿಯ ಪಕ್ಕದಿಂದ ಒಂದು ಎಳೆ ಬೆಳಕು ಚಾಪೆಯ ಮೇಲೆ ಬಿದ್ದಿತ್ತು. ಎಡಗೈ ಕಿರುಬೆರಳನ್ನು ಅದರಲ್ಲಿ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಕೆಂಡ ಮುಟ್ಟಿದ ಹಾಗೆ. ಬೆರಳು ಮುಟ್ಟಿ ನೋಡಿದರೆ ತಣ್ಣಗಿದೆ, ಒಳಗೆ ಉರಿ. ಸಂಜೆಗೆ ಬೊಬ್ಬೆ ಎದ್ದಿತು. ಅವಳು ಸುಳ್ಳು ಹೇಳುತ್ತಿರಲಿಲ್ಲ ರಮ್ಯ. ತಂಪು ಹೊತ್ತಿನಲ್ಲಿ ಉರೀತದೆ ಅಂದದ್ದು ಹಟವಲ್ಲ, ನಿಜವಾಗಿಯೂ ಉರಿಯುತ್ತಿತ್ತು. ಮುದುಕಿ ನಾನು, ಒಂದು ಬೆರಳಿಗೆ ಅತ್ತುಬಿಟ್ಟೆ.

ಇನ್ನೊಂದು ವಿಷಯ. ಆ ಸಂದಿಯನ್ನು ನಾನು ಮುಚ್ಚಲಿಲ್ಲ. ಮಾರನೆಯ ದಿನ ನೋಡಿದರೆ ಅಲ್ಲಿ ಚಿಂದಿಬಟ್ಟೆ ತುರುಕಿತ್ತು, ಸಣ್ಣ ಸಣ್ಣದಾಗಿ ಸುತ್ತಿ. ಜಯಿ ಹಾಗೆ ಸುತ್ತುತ್ತಿದ್ದಳು, ಅವಳ ಬೆರಳಿಗೆ ದೊಡ್ಡದು ಹಿಡಿಯಲು ಆಗುತ್ತಿರಲಿಲ್ಲ.

ಅವ್ವ


ತಿರುವನಂತಪುರ
9 ಫೆಬ್ರವರಿ 2024

ಅವ್ವ,

ಬೆರಳಿನ ವಿಷಯ ಓದಿದೆ. ಇನ್ನೊಂದು ಸಲ ಹಾಗೆ ಮಾಡಬೇಡ, ನಿನ್ನ ದಮ್ಮಯ್ಯ. ಡಾಕ್ಟರಿಗೆ ತಿಳಿಸಿದ್ದೇನೆ, ಮುಲಾಮು ಬರುತ್ತದೆ.

ಚಿಂದಿಯನ್ನು ಬೈರೇಶನ ಹೆಂಡತಿ ಗಂಜಿ ತಂದಾಗ ತುರುಕಿರುತ್ತಾಳೆ. ಇಲ್ಲವೇ ನೀನೇ ನಿದ್ದೆಗಣ್ಣಿನಲ್ಲಿ ಎದ್ದು ಮಾಡಿರುತ್ತೀಯ. ಬೆಳಕಿಲ್ಲದ ಕಡೆ ಬಹಳ ದಿನ ಇದ್ದರೆ ಮನಸ್ಸು ಏನಾದರೂ ಮಾಡಿಕೊಳ್ಳುತ್ತದೆ. ನನಗೂ ಲ್ಯಾಬಿನಲ್ಲಿ ಆಗುತ್ತದೆ ಎಂದು ಬರೆದಿದ್ದೆನಲ್ಲ. ಇನ್ನು ಕೆಲವೇ ದಿನ. ಹೊರಗೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ.

ಬೈರೇಶನಿಗೆ ಫೋನ್ ಮಾಡಿ ಕೇಳಿದೆ. ಅವನ ಹೆಂಡತಿ ತಾನು ತುರುಕಿಲ್ಲ ಎಂದಳಂತೆ. ಮರೆತಿರಬೇಕು.

ರಮ್ಯ


[ವಾಟ್ಸಾಪ್, 10 ಮಾರ್ಚ್ 2024]

ಅಕ್ಕ, ಬೈರೇಶ. ಫೋನಿನಲ್ಲಿ ಹೇಳಿದರೆ ಅವ್ವನಿಗೆ ಕೇಳಿಸುತ್ತದೆ, ಅದಕ್ಕೆ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಅವ್ವನ ನಾಲಿಗೆ ವಾಸಿಯಾಗಿದೆ. ಹೋದ ವಾರ ಡಾಕ್ಟರು ನೋಡಿ ಪೂರ್ತಿ ಕ್ಲೀನ್ ಎಂದರು. ಕಾಗದದಲ್ಲಿ ತೂತು ಮಾಡಿ ಕೈಮೇಲೆ ಇಟ್ಟು ಬಿಸಿಲಿಗೆ ಹಿಡಿದು ನೋಡಿ ಅಂದಿದ್ದರು, ಅದನ್ನೂ ಮಾಡಿದೆವು. ಏನೂ ಆಗಲಿಲ್ಲ. ಇನ್ನು ಆಚೆ ಓಡಾಡಬಹುದು ಎಂದರು. ಆಸ್ಪತ್ರೆಯಿಂದ ಬಂದವಳು ನೆಟ್ಟಗೆ ಹಿಂದಲ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಹಗಲಲ್ಲಿ ಇನ್ನೂ ತೆಗೆದಿಲ್ಲ. ಸಂಜೆ ಕತ್ತಲಾದ ಮೇಲೆ ಹಿತ್ತಲಿಗೆ ಹೋಗಿ ಬರುತ್ತಾಳೆ ಅಷ್ಟೆ.

ಮಾತು ಚೆನ್ನಾಗಿ ಬರುತ್ತಿದೆ ಅಕ್ಕ. ನಮ್ಮ ಹತ್ತಿರ ಊಟದ ವಿಷಯ ಬಿಟ್ಟು ಒಂದು ಮಾತೂ ಇಲ್ಲ, ಒಳಗೆ ಮಾತ್ರ ಮಾತಾಡುವುದು ಕೇಳಿಸುತ್ತದೆ. ಮೊದಲು ಅರ್ಧ ಮುದ್ದೆ ತಿನ್ನುತ್ತಿದ್ದವಳು ಈಗ ಎರಡು ತಟ್ಟೆ ಇಡಿ ಅನ್ನುತ್ತಾಳೆ. ಜಯಕ್ಕ ಹೋದಾಗ ನಾನು ತೊಟ್ಟಿಲಲ್ಲಿದ್ದೆ, ನನಗೆ ಅವಳ ಮುಖವೂ ಗೊತ್ತಿಲ್ಲ. ಆದರೆ ಈಗ ಮನೆಯಲ್ಲಿ ಮಕ್ಕಳು ಆ ಕಡೆ ಆಡುವುದಕ್ಕೆ ಹೋಗುತ್ತಿಲ್ಲ. ನಾನೂ ಸಂಜೆ ಆದರೆ ಹಳೆ ಮನೆಗೆ ಹೋಗಲು ಹಿಂದೆಮುಂದೆ ನೋಡುತ್ತೇನೆ, ಯಾರಿಗೂ ಹೇಳಬೇಡ.

ಊರಿನವರು ಗಾಳಿ ಸೋಕೈತೆ, ಕನಕಪುರದ ಕಡೆ ಕಬ್ಬಾಳಿನ ಅಮ್ಮನ ಗುಡಿಗೆ ಕರ್ಕಂಡ್ ಹೋಗು ಅಂತಾರೆ. ಡಾಕ್ಟರು ತಲೆ ಡಾಕ್ಟರಿಗೆ ತೋರಿಸಿ ಅಂತಾರೆ. ಎಲ್ಲಿಗೆ ಕರೆದೊಯ್ಯಬೇಕಾದರೂ ಮೊದಲು ಬಾಗಿಲು ತೆಗೆಯಬೇಕಲ್ಲ. ನಿನ್ನೆ ಬಾಗಿಲ ಕೆಳಗಿಂದ ಒಂದು ಚೀಟಿ ತಳ್ಳಿದಳು. "ರಮ್ಯ ಬರಲಿ" ಅಂತ ಅಷ್ಟೇ ಇತ್ತು.

ಯಾವ ಪ್ರಯೋಗ ಇದ್ದರೂ ಬಿಟ್ಟು ಬಾ.


[ಚೀಟಿಗಳು. ಹಳೆ ಮನೆ, 16 ಮಾರ್ಚ್ 2024, ಮಧ್ಯಾಹ್ನ]

ಅವ್ವ,

ಬಂದಿದ್ದೇನೆ. ಬಾಗಿಲ ಆಚೆ ನೆಲದ ಮೇಲೆ ಕೂತಿದ್ದೇನೆ. ಕೂಗಿದರೆ ನೀನು ಮಾತಾಡುತ್ತಿಲ್ಲ, ಅದಕ್ಕೆ ಬರೆದು ತಳ್ಳುತ್ತಿದ್ದೇನೆ. ನಿನ್ನ ಮೈಯಲ್ಲಿ ಈಗ ಆ ಮದ್ದು ಇಲ್ಲ. ಬೆಳಕು ನಿನಗೇನೂ ಮಾಡುವುದಿಲ್ಲ. ಚಿಲಕ ತೆಗೆ.

ರಮ್ಯ


ರಮ್ಯ,

ಜೋರಾಗಿ ಕೂಗಬೇಡ, ಈಗ ತಾನೇ ಮಲಗಿದ್ದಾಳೆ.

ನನಗೆ ವಾಸಿಯಾಗಿದೆ ಎಂದು ಗೊತ್ತು. ನನ್ನ ತಲೆ ಕೆಟ್ಟಿದೆ ಎಂದು ಬೈರೇಶ ಹೇಳಿರುತ್ತಾನೆ, ಅದು ಅವನ ಭಯ. ಆಸ್ಪತ್ರೆಯಿಂದ ಬಂದ ದಿನ ನಾನು ಕೋಣೆಗೆ ಬಂದದ್ದು ಚಾಪೆ ಸುತ್ತಿ ಇಡುವುದಕ್ಕೆ. ಸುತ್ತಿಕೊಂಡು ಬಾಗಿಲ ತನಕ ಬಂದೆ. ಅವಳೂ ಎದ್ದು ಬಾಗಿಲ ತನಕ ಬಂದಳು. ಹೇಗೆ ಬಿಟ್ಟು ಬರಲಿ? ಅವಳ ಉಸಿರು ನಿಂತಾಗ ನಾನು ಹೊಲದಲ್ಲಿದ್ದೆ. ನೀನು ಹಾಸ್ಟೆಲಿನಲ್ಲಿದ್ದೆ. ಒಬ್ಬಳೇ ಇದ್ದಳು. ಮತ್ತೆ ಒಬ್ಬಳನ್ನೇ ಬಿಡಲಾರೆ.

ಕರೆದರೆ ಬರುತ್ತಿಲ್ಲ. ಏನೂ ಆಗಲ್ಲ ಬಾ ಎಂದು ಇದೇ ಬಾಯಲ್ಲಿ ಎಷ್ಟು ಸಲ ಕರೆದೊಯ್ದು ಸುಡಿಸಿದ್ದೇನೆ ಅವಳನ್ನು. ನನ್ನ ಮಾತನ್ನು ಇನ್ನು ನಂಬುವುದಿಲ್ಲ. ನೀನು ಹೇಳಿದರೆ ನಂಬುತ್ತಾಳೆ.

ಅವ್ವ


ಅವ್ವ,

ನಾನು ಮದ್ದು ತಂದಿಲ್ಲ.

ರಮ್ಯ


ರಮ್ಯ,

ಅದನ್ನೇ ಒಳಗೆ ಬಂದು ಹೇಳು. ಚಿಲಕ ತೆಗೆದಿದ್ದೇನೆ. ಬೆಳಕು ಬೀಳದ ಹಾಗೆ ಬಾ. ನನಗೇನೂ ಆಗುವುದಿಲ್ಲ, ಅವಳಿಗೆ ಆಗುತ್ತದೆ.

ಅವ್ವ


ಬೈರೇಶ,

ಈ ಚೀಟಿಯನ್ನು ಒಳಗಿನಿಂದ ತಳ್ಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ, ಅವ್ವನೂ ಚೆನ್ನಾಗಿದ್ದಾಳೆ. ಮಾತಾಡುವುದು ಬಹಳ ಇತ್ತು, ಈಗ ಮುಗಿಯುತ್ತಾ ಬಂದಿದೆ.

ಸೂರ್ಯ ಪೂರ್ತಿ ಮುಳುಗಿದ ಮೇಲೆ ಹೊರಗೆ ಬರುತ್ತೇವೆ. ಅಲ್ಲಿಯವರೆಗೆ ಬಾಗಿಲು ಬಡಿಯಬೇಡ. ಅಂಗಳದ ಲೈಟು ಆರಿಸಿಬಿಡು. ಮಕ್ಕಳು ಮೊಬೈಲ್ ಟಾರ್ಚ್ ಹಿಡಿದುಕೊಂಡು ಬರುವುದು ಬೇಡ ಎಂದು ಹೇಳು. ನನ್ನನ್ನು ಈಗ ಏನೂ ಕೇಳಬೇಡ.

ಹೊಸಲ ಹತ್ತಿರ ಮೂವರಿಗೆ ಕಾಲಿಗೆ ನೀರಿಡು.

ಅಕ್ಕ